ಬಿಡಾರ ಎತ್ತುವ ಕಾಲ

ಆಷಾಢವು ಕಳೆದು ಶ್ರಾವಣವು ಕಾಲಿಟ್ಟಿತೆಂದರೆ ಬೇಲೂರು, ಹಳೇಬೀಡು, ಅರಸೀಕೆರೆಗಳ ಬೀದಿಗಳಲ್ಲಿ ಗೃಹಪ್ರವೇಶದ ಚಪ್ಪರಗಳು ಏಳತೊಡಗುತ್ತವೆ. ಮಾವಿನ ತೋರಣ, ಹಾಲುಕ್ಕಿಸುವ ಒಲೆ, ನೆಂಟರಿಷ್ಟರ ಗದ್ದಲ, ಇವುಗಳನ್ನು ಕಂಡು ಸಂತೋಷಪಡದವರಾರು? ಹತ್ತು ಹದಿನೈದು ವರ್ಷ ಪರರ ಸೂರಿನ ಕೆಳಗೆ ಕಾಲ ಕಳೆದ ಕುಟುಂಬವು ತನ್ನದೆಂಬ ಹೊಸ್ತಿಲನ್ನು ದಾಟುವ ದಿನವದು. ಆದರೆ ಆ ದಿನದ ಹಿಂದುಮುಂದಿನ ಮೂರು ತಿಂಗಳುಗಳಲ್ಲಿಯೇ ಎಷ್ಟೋ ಗೃಹಸ್ಥರು ಬಹುಕಾಲದ ಉಳಿತಾಯವನ್ನು ಆತುರಕ್ಕೆ ಬಲಿಗೊಡುತ್ತಾರೆ. ಆದಕಾರಣ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈಗ ಬಿಡಾರ ಎತ್ತುವ ಕಾಲವನ್ನು ಗೊತ್ತುಮಾಡುವವರು ಮೂವರು. ಮುಹೂರ್ತವಿಡುವ ಪುರೋಹಿತರೊಬ್ಬರು, "ಮುಂದಿನ ತಿಂಗಳಿನಿಂದ ಬಾಡಿಗೆ ಹೆಚ್ಚು, ಒಪ್ಪದಿದ್ದರೆ ಖಾಲಿಮಾಡಿ" ಎನ್ನುವ ಮನೆಯೊಡೆಯನೊಬ್ಬ, "ನಾಳೆ ಬಂದರೆ ಈ ಬೆಲೆಗೆ ಸಿಕ್ಕದು" ಎನ್ನುವ ದಲ್ಲಾಳಿಯೊಬ್ಬ. ಕ್ರಯಪತ್ರದ ಒಂದು ಸಾಲನ್ನಾದರೂ ಓದುವ ಹೊಣೆಯನ್ನು ಈ ಮೂವರಲ್ಲಿ ಯಾರೂ ಹೊತ್ತವರಲ್ಲ. ನಮ್ಮ ಅಭಿಪ್ರಾಯವೋ ಸರಳವಾದುದು. ಕೊಂಡ ಮನೆಯ ಕಾಗದಪತ್ರಗಳು ತನ್ನ ಹೆಸರಿಗೆ ನಿಂತು, ದುರಸ್ತಿಯು ಮುಗಿದು, ಬೀಗದ ಕೈ ತನ್ನ ಕೈಗೆ ಬಂದ ಮೇಲಲ್ಲದೆ ಬಾಡಿಗೆಯ ಮನೆಯನ್ನು ಬಿಡುವೆನೆಂದು ಒಡೆಯನಿಗೆ ಮಾತು ಕೊಡಕೂಡದು. ಎರಡು ಮೂರು ತಿಂಗಳು ಎರಡೂ ಮನೆಗಳ ಭಾರವನ್ನು ಹೊರಲಾರದವನಿಗೆ ಕೊಳ್ಳುವ ಕಾಲವು ಇನ್ನೂ ಬಂದಿಲ್ಲವೆಂದೇ ತಿಳಿಯತಕ್ಕದ್ದು.

ಇದು ಈ ಸೀಮೆಗೆ ಹೊಸ ಬುದ್ಧಿಯೂ ಅಲ್ಲ. ಹೊಯ್ಸಳರು ಸೊಸೆವೂರಿನಿಂದ ಬೇಲೂರಿಗೆ, ಬೇಲೂರಿನಿಂದ ದೋರಸಮುದ್ರಕ್ಕೆ ಬಿಡಾರ ಎತ್ತಿದವರೇ ಅಲ್ಲವೆ? ಆದರೂ ಅವರು ಬೇಲೂರನ್ನು ಕೈಬಿಡಲಿಲ್ಲ. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು ಇಲ್ಲಿಯೇ. ಅರಸರಿಗೆ ಬಾಡಿಗೆಯ ಚಿಂತೆಯಿರಲಿಲ್ಲವೆಂದು ಯಾರಾದರೂ ನಕ್ಕರೆ ನಾವೂ ಜೊತೆಗೆ ನಗುವೆವು.

ಪಂಚಾಂಗವನ್ನು ನಾವು ಹಳಿಯುವವರಲ್ಲ. ಆದರೆ ಆಷಾಢದಲ್ಲಿ ಒಕ್ಕಲು ಹೋಗಬಾರದೆಂಬ ಕಟ್ಟಳೆಯು ಆಷಾಢದಲ್ಲಿ ಮನೆ ನೋಡಲೂ ಬಾರದೆಂಬ ಅರ್ಥವನ್ನು ಪಡೆದಿರುವುದು ವಿಷಾದಕರ. ಬೇಲೂರು ಮಲೆನಾಡಿನ ಅಂಚಿನ ಊರು. ಜಡಿಮಳೆ ಹಿಡಿದ ದಿನ ಹೋಗಿ ನೋಡಿದವನಿಗೆ ಹಂಚು ಎಲ್ಲಿ ಸೋರುತ್ತದೆ, ಮಣ್ಣಿನ ಗೋಡೆ ಎಲ್ಲಿಯವರೆಗೆ ತೇವ ಹೀರಿದೆ, ಬೀದಿಯ ಚರಂಡಿಯ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಸುಣ್ಣ ಬಳಿದ ಮೇಲೆ ಚೈತ್ರದ ಬಿಸಿಲಿನಲ್ಲಿ ನೋಡಿದವನಿಗೆ ಅದಾವುದೂ ತಿಳಿಯದು. ನಮ್ಮನ್ನು ಕೇಳಿದರೆ, ಆಷಾಢದಲ್ಲಿ ನೋಡಿ, ಕಾರ್ತಿಕದೊಳಗೆ ಕಾಗದ ಮುಗಿಸಿ, ಮಾಘದಲ್ಲಿ ಹಾಲುಕ್ಕಿಸಲಿ ಎನ್ನುವೆವು. ಹಳೇಬೀಡಿನಿಂದ ಬೇಲೂರಿಗೆ ಬರುವವರು ಮಕ್ಕಳ ಪರೀಕ್ಷೆ ಮುಗಿಯುವವರೆಗೆ, ವೈಶಾಖದವರೆಗೆ, ಕಾದರೂ ನಷ್ಟವಿಲ್ಲ. ದಾರಿ ಹತ್ತು ಮೈಲಿಯಾದರೂ ಶಾಲೆಯ ಮಗುವಿಗೆ ಅದು ದೂರವೇ.

ಬಾಡಿಗೆಯೆಂದರೆ ನಮ್ಮಲ್ಲಿ ತಿಂಗಳ ಬಾಡಿಗೆ ಮಾತ್ರವಲ್ಲ. ಭೋಗ್ಯವೆಂಬ ಪದ್ಧತಿಯೂ ಉಂಟು. ಕೆಲವು ಲಕ್ಷ ರೂಪಾಯಿಗಳನ್ನು ಒಡೆಯನಿಗೆ ಇಡಿಯಾಗಿ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಆ ಹಣವನ್ನು ಹಿಂದಕ್ಕೆ ಪಡೆಯುವುದೇ ಅದರ ಕ್ರಮ. ಮಧ್ಯಮ ವರ್ಗದವರಿಗೆ ಇದು ಒಂದು ಬಗೆಯ ಉಳಿತಾಯವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಮನೆ ಕೊಳ್ಳುವ ಹೊತ್ತಿಗೆ ತೊಡಕು ಬರುವುದು ಇಲ್ಲಿಯೇ. ಬಾಡಿಗೆದಾರನು ತನ್ನ ಕ್ರಯದ ಬಾಕಿಗೆ ಭೋಗ್ಯದ ಹಣವನ್ನೇ ನಂಬಿರುತ್ತಾನೆ. ಒಡೆಯನಾದರೋ ಅದನ್ನು ಎಂದೋ ಮಗಳ ಮದುವೆಗೋ ಅಂಗಡಿಗೋ ಸುರಿದು, ಮುಂದಿನ ಭೋಗ್ಯದಾರನ ಬರವಿಗಾಗಿ ಕಾದಿರುತ್ತಾನೆ. ಆ ಮುಂದಿನವನು ತನ್ನ ಹಿಂದಿನ ಒಡೆಯನ ಬಾಗಿಲಲ್ಲಿ ಕಾದಿರುತ್ತಾನೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಸಾಕು, ಕರಾರುಪತ್ರದ ಅವಧಿ ತೀರಿ, ಕೊಟ್ಟ ಮುಂಗಡಕ್ಕೆ ಸಂಚಕಾರ ಬರುತ್ತದೆ. ಆದುದರಿಂದ ಭೋಗ್ಯದಲ್ಲಿರುವವನು ಮೊದಲು ಮಾತನಾಡತಕ್ಕುದು ಮಾರುವವನೊಡನೆ ಅಲ್ಲ, ತಾನಿರುವ ಮನೆಯ ಒಡೆಯನೊಡನೆ. ಹಣ ಬರುವ ತಾರೀಖನ್ನು ಬರೆಸಿಕೊಂಡು, ಅದಕ್ಕೆ ಮೇಲೆ ಎರಡು ತಿಂಗಳು ಸೇರಿಸಿ, ಕರಾರಿನ ಅವಧಿಯನ್ನು ಇಡಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು 1908ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗಲೇಬೇಕು. ಭೋಗ್ಯದ ಪತ್ರವನ್ನು ಬರಿಯ ಛಾಪಾಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟವರು ವ್ಯಾಜ್ಯ ಬಂದಾಗ ಪರಿತಪಿಸುತ್ತಾರೆ. ತಿಂಗಳ ಬಾಡಿಗೆಯವರ ಸ್ಥಿತಿ ಇದಕ್ಕಿಂತ ಹಗುರ: ಬೇರೆ ಕರಾರಿಲ್ಲದ ಪಕ್ಷದಲ್ಲಿ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಹದಿನೈದು ದಿನಗಳ ನೋಟೀಸು ಸಾಕು. ಇಷ್ಟು ಅಲ್ಪಾವಧಿಯಲ್ಲಿ ಬಿಡಬಹುದಾದ ಮನೆಯನ್ನು ಮೂರು ತಿಂಗಳು ಮುಂಚೆಯೇ ಬಿಟ್ಟೆನೆಂದು ಸಾರುವುದೇತಕ್ಕೆ?

ಇನ್ನು ಹಣದ ಮಾತು. "ಬಾಡಿಗೆ ಕೊಟ್ಟ ದುಡ್ಡು ಹೊಳೆಗೆ ಸುರಿದಂತೆ" ಎಂಬ ಮಾತನ್ನು ದಲ್ಲಾಳಿಗಳು ಮಂತ್ರದಂತೆ ಜಪಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಲಕ್ಷ ರೂಪಾಯಿಗಳನ್ನು ಇಪ್ಪತ್ತು ವರ್ಷಗಳ ಅವಧಿಗೆ ನೂರಕ್ಕೆ 8ರ ಬಡ್ಡಿಯಲ್ಲಿ ಸಾಲ ತಂದವನು ತಿಂಗಳಿಗೆ ಸುಮಾರು 16,700 ರೂಪಾಯಿ ಕಟ್ಟಬೇಕು. ಮೊದಲ ತಿಂಗಳಲ್ಲಿ ಅದರೊಳಗೆ 13,300 ಬರಿಯ ಬಡ್ಡಿ. ಮನೆಯೊಡೆಯನಿಗೆ ಕೊಟ್ಟರೆ ಹೊಳೆಗೆ ಸುರಿದಂತೆ, ಬ್ಯಾಂಕಿಗೆ ಕೊಟ್ಟರೆ ಮಾತ್ರ ಹೊಲಕ್ಕೆ ಹರಿಸಿದಂತೆ ಎಂಬ ನ್ಯಾಯವನ್ನು ನಾವರಿಯೆವು. ಬಡ್ಡಿಯೂ ನಿಂತಲ್ಲಿ ನಿಲ್ಲುವುದಲ್ಲ. ರಿಸರ್ವ್ ಬ್ಯಾಂಕಿನವರ ರೆಪೊ ದರವು 2022ರ ಮೇ ತಿಂಗಳ ಆರಂಭದಲ್ಲಿ ನೂರಕ್ಕೆ 4 ಇದ್ದದ್ದು 2023ರ ಫೆಬ್ರವರಿಯ ಹೊತ್ತಿಗೆ 6.5ಕ್ಕೆ ಏರಿತು, 2025ರ ಡಿಸೆಂಬರಿನಲ್ಲಿ 5.25ಕ್ಕೆ ಇಳಿಯಿತು. ನೂರಕ್ಕೆ 7ರಲ್ಲಿ ಸುಮಾರು 15,500 ಇರುವ ಅದೇ ಸಾಲದ ಕಂತು ನೂರಕ್ಕೆ 9.5ಕ್ಕೆ ಸುಮಾರು 18,600 ಆಗುತ್ತದೆ. ಆ ಮೂರು ಸಾವಿರವನ್ನು ತಡೆಯಬಲ್ಲ ಸಂಸಾರವೇ ಕೊಳ್ಳತಕ್ಕ ಸಂಸಾರ.

ಮೂವತ್ತು ಲಕ್ಷದ ಮನೆಗೆ ಮುದ್ರಾಂಕ ಶುಲ್ಕವು ನೂರಕ್ಕೆ 5ರಂತೆ ಒಂದೂವರೆ ಲಕ್ಷ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿಸಿದುದರಿಂದ ಅದು ಅರವತ್ತು ಸಾವಿರ. ಮೇಲೆ ಸೆಸ್ಸು, ಸರ್‌ಚಾರ್ಜು. ಇವನ್ನು ಮನೆಯ ಬೆಲೆಗೆ ಸೇರಿಸಿ ಬ್ಯಾಂಕಿನವರು ಸಾಲ ಕೊಡುವುದಿಲ್ಲವಾದ್ದರಿಂದ ಎಲ್ಲವೂ ಕೈಯ ಹಣವೇ ಆಗಬೇಕು. ಈ ಪಟ್ಟಿಯ ಕೊನೆಗೆ ಮೂರು ತಿಂಗಳ ಎರಡನೆಯ ಬಾಡಿಗೆಯನ್ನೂ ಬರೆದುಕೊಳ್ಳಲಿ. ಅದು ನಷ್ಟವಲ್ಲ, ಕ್ರಯದ ಒಂದು ಭಾಗ. ಅರಸೀಕೆರೆಯ ರೈಲ್ವೆ ವಸತಿಗೃಹಗಳಲ್ಲಿರುವವರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ನಿವೃತ್ತಿಯ ಹಣ ಬರುವುದೂ ಮನೆ ಬಿಡಬೇಕಾದುದೂ ಹೆಚ್ಚುಕಡಿಮೆ ಒಟ್ಟಿಗೇ ಬರುವುದರಿಂದ, ಎರಡರ ನಡುವೆ ಕೆಲಕಾಲದ ಬಾಡಿಗೆಯ ಬಿಡಾರವೊಂದನ್ನು ಹೂಡುವುದರಲ್ಲಿ ಅವಮಾನವೇನೂ ಇಲ್ಲ.

"ಮನೆ ಕಟ್ಟಿ ನೋಡು" ಎಂದರು ಹಿರಿಯರು. ಕೊಂಡು ನೋಡು ಎನ್ನಲಿಲ್ಲ. ಹಳೆಯ ಮನೆಯನ್ನು ಕೊಳ್ಳುವುದರ ಕಷ್ಟವು ಕಾಗದದಲ್ಲಿದೆ. ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಬಾಯಿಮಾತಿನ ವಿಭಾಗ, ನೋಂದಣಿಯಾಗದ ಭೋಗ್ಯ, ಇವು ಅದರಲ್ಲಿ ಕಾಣವು. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಖಾತೆ ನಿಂತಿರುವ ಮನೆಗಳು ಹಳೆಯ ಬೀದಿಗಳಲ್ಲಿ ಅಪರೂಪವಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಭಾಗವುಂಟು. 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಆದಕಾರಣ ಅಣ್ಣತಮ್ಮಂದಿರ ರುಜುಗಳನ್ನು ಮಾತ್ರ ನೋಡಿ ತೃಪ್ತನಾಗುವ ಗಿರಾಕಿಯು, ಮದುವೆಯಾಗಿ ಹಾಸನಕ್ಕೋ ಬೆಂಗಳೂರಿಗೋ ಹೋದ ಅಕ್ಕತಂಗಿಯರ ರುಜುಗಳಿಗಾಗಿಯೂ ಕಾಯಬೇಕು. ಈ ಕಾಯುವಿಕೆಯನ್ನು ಮುಹೂರ್ತಕ್ಕೆ ಮುಂಚೆ ಮಾಡಬೇಕೇ ಹೊರತು, ಸಾಮಾನಿನ ಗಾಡಿ ಬಾಗಿಲಿಗೆ ಬಂದ ಮೇಲಲ್ಲ. ಪಟ್ಟಣದ ಸ್ವತ್ತಿನ ನೋಂದಣಿಗೆ ಈಗ ಇ-ಖಾತೆಯು ಬೇಕಾಗಿರುವುದರಿಂದ ಹಳೆಯ ಖಾತೆಯ ದೋಷಗಳು ಅಲ್ಲಿಯೇ ಹೊರಬೀಳುವುದು ಒಂದು ಉಪಕಾರವೆಂದೇ ನಾವು ಎಣಿಸುತ್ತೇವೆ.

ಇಷ್ಟೆಲ್ಲವೂ ಸರಿಯಾಗಿದ್ದರೂ, ಬೇಲೂರಿನಲ್ಲಿ ಮನೆ ಕೊಳ್ಳುವವನ ಕಣ್ಣಿಗೆ ಬೀಳದ ಒಂದು ಗೆರೆಯು ನೆಲದ ಮೇಲೆ ಇದೆ. ನಾವು ಲೇಖನಿ ಹಿಡಿದ ಮುಖ್ಯ ಕಾರಣವೇ ಅದು.

ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರು ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸದಾಗಿ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮುಂಚಿನಿಂದ ಇರುವ ಕಟ್ಟಡಗಳಿಗೆ ದುರಸ್ತಿ, ನವೀಕರಣಗಳನ್ನು ಮಾತ್ರ ಅನುಮತಿ ಪಡೆದು ಮಾಡಬಹುದು. ನಿಯಂತ್ರಿತ ಪ್ರದೇಶದಲ್ಲಿ ಕಟ್ಟುವುದಕ್ಕೂ ಅನುಮತಿ ಬೇಕು. ನಿಷೇಧವನ್ನು ಮೀರಿದವನಿಗೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಚೆನ್ನಕೇಶವನ ಗುಡಿಯಿರುವುದು ಊರ ಹೊರಗಿನ ಬಯಲಿನಲ್ಲಲ್ಲ, ಊರಿನ ನಡುವೆ. ದೂರವನ್ನು ಗೋಪುರದಿಂದ ಅಳೆಯುವವರುಂಟು. ಅಳೆಯತಕ್ಕುದು ಸಂರಕ್ಷಿತ ಪ್ರದೇಶದ ಎಲ್ಲೆಯಿಂದ. ಹಳೇಬೀಡಿನ ಹೊಯ್ಸಳೇಶ್ವರ, ಕೇದಾರೇಶ್ವರಗಳ ಸುತ್ತಲೂ ಇದೇ ನಿಯಮ.

ತಿಂಗಳ ಸಂಬಳದ ಗೃಹಸ್ಥನೊಬ್ಬನನ್ನು ಎಣಿಸಿಕೊಳ್ಳೋಣ. ಗುಡಿಯ ಬಳಿಯ ಬೀದಿಯೊಂದರಲ್ಲಿ ಹಳೆಯ ಹೆಂಚಿನ ಮನೆಯನ್ನು ಅವನು ಕೊಳ್ಳುತ್ತಾನೆ. ಕ್ರಯಪತ್ರ ಶುದ್ಧ, ಖಾತೆ ಶುದ್ಧ, ಋಣಭಾರವಿಲ್ಲ. ಕೆಡವಿ, ಕೆಳಗೆ ತಾನಿದ್ದು ಮೇಲೊಂದು ಅಂತಸ್ತನ್ನು ಬಾಡಿಗೆಗೆ ಕೊಡಬೇಕೆಂದು ಅವನ ಆಸೆ. ಆ ಬಾಡಿಗೆಯನ್ನು ನಂಬಿಯೇ ಸಾಲದ ಕಂತನ್ನು ಒಪ್ಪಿದ್ದಾನೆ. ಗೆರೆಯ ಸಂಗತಿ ಅವನಿಗೆ ತಿಳಿಯುವುದು ಕಟ್ಟಡದ ಪರವಾನಗಿ ಕೇಳಲು ಹೋದ ದಿನ. ಅಷ್ಟರಲ್ಲಿ ಬಾಡಿಗೆಯ ಮನೆಗೆ ಬೇರೆಯವರು ಬಂದಾಗಿದೆ. ಕೆಡವಕೂಡದು, ಕೆಡವದೆ ವಾಸ ಮಾಡುವಂತಿಲ್ಲ; ದುರಸ್ತಿಗೂ ಅರ್ಜಿ ಕೊಟ್ಟು ಕಾಯಬೇಕು. ಕಾದಿರುವಷ್ಟು ಕಾಲವೂ ಹೊಸದೊಂದು ಬಾಡಿಗೆ, ಜೊತೆಗೆ ಕಂತು. ಋಣಭಾರ ಪತ್ರದಲ್ಲಿ ಈ ಗೆರೆಯು ಕಾಣದು. ದಲ್ಲಾಳಿಯು ತಾನಾಗಿ ಹೇಳುವನೆಂದು ನಂಬುವಷ್ಟು ಮುಗ್ಧರು ನಾವಲ್ಲ.

ಈ ಕಾಯಿದೆಯನ್ನು ನಾವು ವಿರೋಧಿಸುತ್ತಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಒಂಬೈನೂರು ವರ್ಷ ನಿಂತ ಆ ಶಿಲ್ಪವು ರಾಷ್ಟ್ರದ ಸೊತ್ತು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಕನ್ನಡಿಗರೆಲ್ಲರೊಡನೆ ನಾವೂ ಹೆಮ್ಮೆಪಟ್ಟೆವು. ಗುಡಿಯ ಮಗ್ಗುಲಲ್ಲಿ ನಾಲ್ಕಂತಸ್ತಿನ ವಸತಿಗೃಹಗಳು ಏಳಲೆಂದು ಯಾವ ವಿವೇಕಿಯೂ ಬಯಸನು. ಆದರೆ ರಾಷ್ಟ್ರದ ಸೊತ್ತನ್ನು ಕಾಯುವ ಭಾರವು, ಮುಂಚಿತವಾಗಿ ತಿಳಿಸಲ್ಪಡದ ಒಬ್ಬ ಬಡ ಗೃಹಸ್ಥನ ಹೆಗಲಿಗೆ ಬೀಳುವುದು ನ್ಯಾಯವೆ? ನೋಂದಣಿಗೆ ಮುಂಚೆ ತಿಳಿದಿದ್ದರೆ ಅವನು ಬೆಲೆ ಇಳಿಸಿ ಕೇಳುತ್ತಿದ್ದನು, ಇಲ್ಲವೆ ಯಗಚಿಯ ಕಡೆಗೋ ಬಡಾವಣೆಗಳ ಕಡೆಗೋ ನೋಡುತ್ತಿದ್ದನು, ಇಲ್ಲವೆ ಇನ್ನೆರಡು ವರ್ಷ ಬಾಡಿಗೆಯಲ್ಲಿಯೇ ಇರುತ್ತಿದ್ದನು.

ಆದುದರಿಂದ ಕೊಳ್ಳುವವರು ಮುಂಗಡ ಕೊಡುವ ಮುಂಚೆಯೇ, ಸ್ವತ್ತು ಯಾವ ಪ್ರದೇಶದೊಳಗೆ ಬರುವುದೆಂಬುದನ್ನು ಪುರಸಭೆಯಲ್ಲಿಯೂ ಪುರಾತತ್ವ ಇಲಾಖೆಯಲ್ಲಿಯೂ ಬರಹದಲ್ಲಿ ಕೇಳಲಿ; ಕಟ್ಟಲು ಇಲ್ಲವೆ ದುರಸ್ತಿಮಾಡಲು ಅನುಮತಿ ಸಿಕ್ಕದ ಪಕ್ಷದಲ್ಲಿ ಮುಂಗಡವು ಹಿಂದಕ್ಕೆ ಬರತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಬರೆಸಲಿ. ಸರ್ಕಾರದವರು ಮನಸ್ಸು ಮಾಡಿದರೆ, ಇ-ಖಾತೆಯ ಹಾಳೆಯಲ್ಲಿಯೇ "ನಿಷೇಧಿತ" ಅಥವಾ "ನಿಯಂತ್ರಿತ" ಎಂಬ ಒಂದು ಪದವನ್ನು ಅಚ್ಚುಮಾಡಿಸಬಹುದು. ಅಲ್ಲಿಯವರೆಗೆ ಬೇಲೂರಿನ ಪುರಸಭೆಯವರು ನೂರು ಮೀಟರಿನ ಗೆರೆಯನ್ನೂ ಮುನ್ನೂರು ಮೀಟರಿನ ಗೆರೆಯನ್ನೂ ಬೀದಿಗಳ ಹೆಸರು ಸಹಿತ ಗುರುತಿಸಿದ ದೊಡ್ಡ ನಕ್ಷೆಯೊಂದನ್ನು, ಕಂದಾಯ ಕಟ್ಟಲು ಬರುವವರ ಕಣ್ಣಿಗೆ ಬೀಳುವಂತೆ, ತಮ್ಮ ಕಚೇರಿಯ ಗೋಡೆಗೆ ತೂಗಹಾಕಿಸಲಿ. ಅದರ ಪ್ರತಿಯೊಂದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿಯೂ ಇರಲಿ. ಮುಂದಿನ ಶ್ರಾವಣಕ್ಕೆ ಮುಂಚೆ ಇಷ್ಟು ಕೆಲಸ ಆಗಲಾರದೆ?