ಇಗರ್ಜಿಯಲ್ಲಿ ಸೇರುತ್ತಿದ್ದ ಸಭೆ

ಹಳೆಯ ಪೋಲೆಂಡ್ ಎಂದರೆ ಒಂದೇ ಮತದಿಂದ ಸಂಸತ್ತನ್ನು ಮುರಿದವರ ನಾಡು ಎಂದು ತಳ್ಳಿಹಾಕುವವರು ಸೆಯ್ಮಿಕ್‌ಗಳನ್ನು ಮರೆಯುತ್ತಾರೆ. ಆಯಾ ಸೀಮೆಯ ಕುಲೀನರ ಈ ಸಭೆಗಳು ಒಪ್ಪದೆ ಹೊಸ ಕಾನೂನು ತರುವುದಿಲ್ಲ, ಯುದ್ಧಕ್ಕೆ ದಂಡು ಕರೆಯುವುದಿಲ್ಲ ಎಂದು ದೊರೆ ನಾಲ್ಕನೆಯ ಕ್ಯಾಸಿಮಿರ್ 1454ರಲ್ಲೇ ಮಾತು ಕೊಡಬೇಕಾಯಿತು. ಲಿಥುವೇನಿಯಾಕ್ಕೆ ಈ ವ್ಯವಸ್ಥೆ ಬಂದದ್ದು 1560ರ ದಶಕದಲ್ಲಿ.

ಸಭೆ ಸಾಮಾನ್ಯವಾಗಿ ಇಗರ್ಜಿಯಲ್ಲೇ ಸೇರುತ್ತಿತ್ತು. ಬಂದವರ ಸೊಂಟದಲ್ಲಿ ಕತ್ತಿ. ವಾದ ಬಿಸಿಯೇರಿ ಅದು ಒರೆಯಿಂದ ಹೊರಬಂದದ್ದೂ ಉಂಟು. ಆದರೂ ಅಲ್ಲಿ ಪ್ರತಿನಿಧಿಯನ್ನು ಆರಿಸಿ, ಸಂಸತ್ತಿನಲ್ಲಿ ಏನು ಹೇಳಬೇಕೆಂದು ಬರೆದುಕೊಡುತ್ತಿದ್ದರು. ಮರಳಿದ ಮೇಲೆ ಆತ ವರದಿ ಒಪ್ಪಿಸಬೇಕು. ಗೆದ್ದವರ ಮುಖವನ್ನೇ ಮತ್ತೆ ಕಾಣದ ಮತದಾರರಿಗೆ ಇದು ಆಸೆ ಹುಟ್ಟಿಸುವ ಪದ್ಧತಿ.

ರೈತರಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ಅದು ಕ್ಷಮಿಸಲಾಗದ ಕೊರತೆ.

ಜಮೀನಿಲ್ಲದ ಬಡ ಕುಲೀನರ ಮತಗಳನ್ನು ದೊಡ್ಡ ಮನೆತನಗಳು ಕೊಂಡುಕೊಂಡವು. 1791ರಲ್ಲಿ ಸುಧಾರಕರು ಆ ಬಡವರ ಮತದ ಹಕ್ಕನ್ನೇ ಕಿತ್ತರು. ಕೊಂಡವರ ಹಕ್ಕು ಹಾಗೆಯೇ ಉಳಿಯಿತು.