ಕಣ್ಣು ಕೈಕೊಟ್ಟರೂ ನಿಲ್ಲದ ಲೇಖನಿ

ಬೆಳಿಗ್ಗೆ ಪತ್ರಿಕೆ ಬಂದೊಡನೆ ಆಟದ ಪುಟವನ್ನೇ ಮೊದಲು ತೆರೆಯುವ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. 'ಪರೀಕ್ಷೆ ಹತ್ತಿರ ಬಂತು, ಇನ್ನೂ ಸ್ಕೋರು ನೋಡುತ್ತಾ ಕೂತಿದ್ದೀಯಲ್ಲ' ಎಂಬ ಗದರಿಕೆಯೂ ಅಷ್ಟೇ ಮಾಮೂಲು. ಆಟದ ಬಗ್ಗೆ ಬರೆಯುವುದೇ ಒಬ್ಬರ ಜೀವನದ ಕಸುಬಾಗಬಲ್ಲದೇ? ಖಂಡಿತ ಆಗಬಲ್ಲದು. ಆದರೆ ಅದಕ್ಕೆ ಆಟದ ಹುಚ್ಚೊಂದೇ ಸಾಲದು. ಈ ಎರಡು ಮಾತಿಗೂ ಅಮೆರಿಕದ ಲಾಸ್ ಏಂಜಲೀಸ್ ನಗರದ ಪತ್ರಕರ್ತ ಜಿಮ್ ಮರ್ರೆ ಅವರ ಬದುಕು ಒಳ್ಳೆಯ ಉದಾಹರಣೆ.

ಮರ್ರೆ ಹುಟ್ಟಿದ್ದು 1919ರಲ್ಲಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ಅದೇ ಊರಿನ ಟ್ರಿನಿಟಿ ಕಾಲೇಜಿನಲ್ಲಿ ಓದಿ ಪತ್ರಿಕೆ ಸೇರಿದರು. 1944ರಲ್ಲಿ ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಬಂದು 'ಎಕ್ಸಾಮಿನರ್' ಪತ್ರಿಕೆಯ ವರದಿಗಾರರಾದರು. ಅಲ್ಲಿ ಅವರಿಗೆ ಸಿಕ್ಕಿದ್ದು ಆಟದ ಮೈದಾನವಲ್ಲ. ಕೊಲೆ, ಕಳ್ಳತನ, ಪೊಲೀಸ್ ಠಾಣೆಗಳ ಸುದ್ದಿ. 1948ರಲ್ಲಿ 'ಟೈಮ್' ವಾರಪತ್ರಿಕೆ ಸೇರಿ ಹಾಲಿವುಡ್ ಸಿನಿಮಾ ತಾರೆಯರ ಬಗ್ಗೆ ಬರೆದರು. ಅದೇ ಸಂಸ್ಥೆ 1954ರಲ್ಲಿ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಎಂಬ ಕ್ರೀಡಾ ಪತ್ರಿಕೆಯನ್ನು ಹೊರತಂದಾಗ ಅದನ್ನು ಕಟ್ಟುವ ಕೆಲಸದಲ್ಲಿ ಕೈಜೋಡಿಸಿದರು. 'ಲಾಸ್ ಏಂಜಲೀಸ್ ಟೈಮ್ಸ್' ದಿನಪತ್ರಿಕೆಯಲ್ಲಿ ಅವರ ಕ್ರೀಡಾ ಅಂಕಣ ಆರಂಭವಾದದ್ದು 1961ರ ಫೆಬ್ರವರಿಯಲ್ಲಿ. ಆಗ ಅವರ ವಯಸ್ಸು 41!

ಹಾಗಾದರೆ ಅಲ್ಲಿಯವರೆಗಿನ ವರ್ಷಗಳು ವ್ಯರ್ಥವಾದವೇ? ಇಲ್ಲ. ಠಾಣೆಯಲ್ಲಿ ಅವರು ಕಲಿತದ್ದು ಸತ್ಯವನ್ನು ಹುಡುಕಿ ತೆಗೆಯುವ ಬಗೆ. ಹಾಲಿವುಡ್‌ನಲ್ಲಿ ಕಲಿತದ್ದು ಹೆಸರಾಂತ ವ್ಯಕ್ತಿಯ ಹಿಂದಿರುವ ಸಾಮಾನ್ಯ ಮನುಷ್ಯನನ್ನು ಕಾಣುವ ಬಗೆ. ಆಟದ ಪುಟದಲ್ಲಿ ಅವರ ಬಂಡವಾಳವಾದದ್ದು ಇವೇ.

ಕಾಲವೂ ಕೂಡಿಬಂದಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಡಾಡ್ಜರ್ಸ್ ಬೇಸ್‌ಬಾಲ್ ತಂಡ 1958ರಲ್ಲಿ ಲಾಸ್ ಏಂಜಲೀಸ್‌ಗೆ ವಲಸೆ ಬಂದಿತ್ತು. 1960ರಲ್ಲಿ ಮಿನಿಯಾಪೊಲಿಸ್‌ನಿಂದ ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡ ಬಂತು. ಬೆಳೆಯುತ್ತಿದ್ದ ನಗರಕ್ಕೆ ತನ್ನ ಆಟಗಳ ಕಥೆ ಹೇಳುವವರು ಬೇಕಾಗಿತ್ತು. ಯಾರು ಗೆದ್ದರು, ಎಷ್ಟು ಅಂತರ ಎಂಬುದು ರೇಡಿಯೋ, ಟಿ.ವಿ.ಗಳಿಂದ ರಾತ್ರಿಯೇ ತಿಳಿಯುತ್ತಿತ್ತು. ಮರ್ರೆ ಬರೆದದ್ದು ಅಂಕಿಯ ಆಚೆಗಿನ ಮಾತು: ಸೋತವನ ಮುಖ, ಗೆದ್ದವನ ಭಯ, ನಡುವೆ ನಗೆಚಾಟಿಕೆ. ಹೋದ ಊರನ್ನೆಲ್ಲ ಅವರು ಲೇವಡಿ ಮಾಡುತ್ತಿದ್ದರು. ಅವರ ಅಂಕಣವನ್ನು ಬೇರೆ ಬೇರೆ ಊರಿನ ಪತ್ರಿಕೆಗಳೂ ಪ್ರಕಟಿಸತೊಡಗಿದವು.

ಆದರೆ ನಗಿಸುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಅಂಕಣ ಆರಂಭಿಸಿದ ವರ್ಷವೇ, ಅಂದರೆ 1961ರಲ್ಲಿ, ಅಲಬಾಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಲಾಸ್ ಏಂಜಲೀಸ್ ಬಳಿಯ 'ರೋಸ್ ಬೌಲ್' ಪಂದ್ಯದ ಆಹ್ವಾನ ಸಿಗುವ ಮಾತು ನಡೆದಿತ್ತು. ಆ ತಂಡದಲ್ಲಿ ಕರಿಯರಿಗೆ ಜಾಗವಿರಲಿಲ್ಲ. ಮರ್ರೆ ಅಲಬಾಮಕ್ಕೇ ಹೋಗಿ, ಈ ವರ್ಣಭೇದವನ್ನು ತಮ್ಮ ಅಂಕಣದಲ್ಲಿ ನೇರವಾಗಿ ಟೀಕಿಸಿದರು. ಪ್ರತಿಭಟನೆಯ ಮಾತು ಎದ್ದಿತು. ತಂಡ ಕೊನೆಗೆ ಅಲ್ಲಿಗೆ ಬರಲಿಲ್ಲ. ಮುಂದೆ 1969ರಲ್ಲಿ ಕರಿಯ ಗಾಲ್ಫ್ ಆಟಗಾರ ಚಾರ್ಲಿ ಸಿಫರ್ಡ್ ಲಾಸ್ ಏಂಜಲೀಸ್ ಓಪನ್ ಗೆದ್ದರೂ ಪ್ರಸಿದ್ಧ 'ಮಾಸ್ಟರ್ಸ್' ಪಂದ್ಯಕ್ಕೆ ಅವರನ್ನು ಕರೆಯಲಿಲ್ಲ. ಆಗಲೂ ಮರ್ರೆ ಸುಮ್ಮನಿರಲಿಲ್ಲ. ಮಾಸ್ಟರ್ಸ್‌ನಲ್ಲಿ ಮೊದಲ ಕರಿಯ ಆಟಗಾರ, ಲೀ ಎಲ್ಡರ್, ಆಡಿದ್ದು 1975ರಲ್ಲಿ. ಒಂದು ಲೇಖನದಿಂದ ಜಗತ್ತು ಬದಲಾಗುವುದಿಲ್ಲ, ನಿಜ. ಆದರೆ ಯಾರೂ ಬರೆಯದಿದ್ದರೆ ಬದಲಾಗುವುದು ಇನ್ನೂ ತಡ.

1979ರಲ್ಲಿ ದೊಡ್ಡ ಆಘಾತ ಬಂತು. ಮರ್ರೆ ಅವರ ಎಡಗಣ್ಣಿನ ರೆಟಿನಾ ಕಳಚಿಕೊಂಡಿತು.

ರೆಟಿನಾ ಎಂದರೇನು? ಕಣ್ಣನ್ನು ಕ್ಯಾಮೆರಾಗೆ ಹೋಲಿಸಿದರೆ ರೆಟಿನಾ ಅದರ ಫಿಲ್ಮು. ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ಈ ಪೊರೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಬೆಳಕನ್ನು ಗ್ರಹಿಸಿ ಮಿದುಳಿಗೆ ಸಂಕೇತ ಕಳಿಸುವುದು ಇದೇ. ಹಿಂದಿನ ಪದರದಿಂದ ಇದು ಕಳಚಿದರೆ ಆಮ್ಲಜನಕ, ಪೋಷಣೆ ಕಡಿಮೆಯಾಗಿ ಜೀವಕೋಶಗಳು ಸಾಯತೊಡಗುತ್ತವೆ. ಕಣ್ಣಿನೊಳಗೆ ಮಿಂಚಿದಂತಾಗುವುದು, ಒಮ್ಮೆಗೇ ಅನೇಕ ಕಪ್ಪು ಚುಕ್ಕೆಗಳು ತೇಲುವುದು, ದೃಷ್ಟಿಯ ಒಂದು ಬದಿಗೆ ಪರದೆ ಇಳಿದಂತಾಗುವುದು ಇದರ ಲಕ್ಷಣಗಳು. ಕಣ್ಣಿಗೆ ಚೆಂಡು ಬಲವಾಗಿ ಬಡಿದರೂ ಹೀಗಾಗಬಹುದು. ಆಟವಾಡುವ ಮಕ್ಕಳು ಇಂಥ ಲಕ್ಷಣವನ್ನು ಮನೆಯಲ್ಲಿ ಮುಚ್ಚಿಡಬಾರದು. ಒಂದು ದಿನವೂ ತಡಮಾಡದೆ ನೇತ್ರತಜ್ಞರಲ್ಲಿಗೆ ಹೋಗಬೇಕು.

ಮರ್ರೆ ಅವರಿಗೆ ಮಾಡಿದ ಶಸ್ತ್ರಚಿಕಿತ್ಸೆ ಫಲಿಸಲಿಲ್ಲ. ಬಲಗಣ್ಣಿನಲ್ಲಿ ಆಗಲೇ ಕ್ಯಾಟರಾಕ್ಟ್, ಅಂದರೆ ಪೊರೆ, ಬೆಳೆದಿತ್ತು. ನೋಡಿ ಬರೆಯುವುದೇ ವೃತ್ತಿಯಾದವರಿಗೆ ಮೈದಾನವೇ ಮಬ್ಬಾಯಿತು. ಆ ವರ್ಷದ ಜುಲೈ 1ರಂದು ಅವರು ತಮ್ಮ ಎಡಗಣ್ಣಿನ ಬಗ್ಗೆಯೇ ಒಂದು ಅಂಕಣ ಬರೆದರು. ಜೊತೆಯಲ್ಲೇ ಬಾಳಿದ ಹಳೆಯ ಗೆಳೆಯನನ್ನು ಬೀಳ್ಕೊಡುವಂತೆ, ಆ ಕಣ್ಣು ತಮಗೆ ತೋರಿಸಿದ್ದನ್ನೆಲ್ಲ ನೆನೆದರು. ಅವರ ಬರಹಗಳಲ್ಲಿ ಓದುಗರು ಅತಿ ಹೆಚ್ಚು ನೆನೆಯುವುದು ಇದನ್ನೇ. ಕಣ್ಣು ಮಬ್ಬಾಗಿದ್ದಾಗಲೂ ಟೇಪ್ ರೆಕಾರ್ಡರ್ ಹಿಡಿದು, ಇತರರ ನೆರವು ಪಡೆದು ಅವರು ಕೆಲಸ ಮುಂದುವರಿಸಿದರು. ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯಿಂದ ಬಲಗಣ್ಣಿನ ದೃಷ್ಟಿ ಮರಳಿತು.

1990ರಲ್ಲಿ ಅವರಿಗೆ ಪತ್ರಕರ್ತರ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. ಕ್ರೀಡೆಯ ಬಗ್ಗೆ ಬರೆಯುವವರಿಗೆ ಅದು ಸಿಗುವುದು ಅಪರೂಪ. ಆದರೂ ಅವರು ವಿಶ್ರಾಂತಿ ಬಯಸಲಿಲ್ಲ. 1998ರ ಆಗಸ್ಟ್ 15ರಂದು ಡೆಲ್ ಮಾರ್ ಎಂಬಲ್ಲಿ ಕುದುರೆ ಪಂದ್ಯ ನೋಡಿ ಬರೆದರು. ಅದು ಮರುದಿನದ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ದಿನ ಅವರು ತೀರಿಕೊಂಡರು. ವಯಸ್ಸು 78. ಅವರ ಹೆಸರಿನ ಪ್ರತಿಷ್ಠಾನ ಮುಂದೆ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡತೊಡಗಿತು.

ತಂದೆ ತಾಯಿಯರೇ, ಮಗ ಅಥವಾ ಮಗಳು ಆಟದ ಪುಟ ಓದಿದರೆ ಗದರಬೇಡಿ. ಅದರ ಜೊತೆಗೆ ಉಳಿದ ಪುಟಗಳನ್ನೂ ಓದುವಂತೆ ಮಾಡಿ. ವಿದ್ಯಾರ್ಥಿಗಳೇ, ಈ ವಾರ ನಿಮ್ಮ ಶಾಲೆಯ ಮೈದಾನದ ಒಂದು ಪಂದ್ಯ ನೋಡಿ. ಯಾರು ಗೆದ್ದರು ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿ. ಉಳಿದ ಹದಿನೈದು ಸಾಲುಗಳಲ್ಲಿ ಸೋತ ತಂಡದ ಒಬ್ಬ ಹುಡುಗ ಮನೆಗೆ ಹೇಗೆ ನಡೆದುಹೋದ ಎಂದು ಬರೆಯಿರಿ. ಮರ್ರೆ ಮೂವತ್ತೇಳು ವರ್ಷ ಮಾಡಿದ ಕೆಲಸ ಶುರುವಾಗುವುದು ಅಲ್ಲಿಂದಲೇ.