ಪೆಟ್ಟಿಗೆ ಉಳಿಯಿತು, ಧ್ವನಿಯ ಗತಿಯೇನು?

ಹಸ್ತಪ್ರತಿಗಳನ್ನು ಅರಸಿ ಊರೂರು ಅಲೆದವರಿಗೆಲ್ಲ ಒಂದು ಅನುಭವ ಸಾಮಾನ್ಯ. ಅಟ್ಟದಿಂದ ಓಲೆಕಟ್ಟನ್ನು ಇಳಿಸಿ ಬಿಚ್ಚಿದರೆ ಮೇಲಿನ, ಕೆಳಗಿನ ಮರದ ಹಲಗೆಗಳು ಗಟ್ಟಿಯಾಗಿಯೇ ಇರುತ್ತವೆ. ನಡುವಿನ ಗರಿಗಳನ್ನು ಮಾತ್ರ ಹುಳು ತಿಂದಿರುತ್ತದೆ. ಆ ಹಲಗೆಗಳಿಗೆ ಎಣ್ಣೆ ಸವರಿ, ಗಾಜಿನ ಕಪಾಟಿನಲ್ಲಿಟ್ಟು, ‘ಗ್ರಂಥವನ್ನು ಉಳಿಸಿದೆವು’ ಎಂದು ಯಾರಾದರೂ ಸಾರಿದರೆ ನಾವು ಒಪ್ಪುವೆವೆ? ಈಚೆಗೆ ಹಳೆಯ ರೇಡಿಯೊ ಸಂಗ್ರಾಹಕರ ಮೇಳವೊಂದನ್ನು ನೋಡಿ ಕಣಗಲಾಕ್ಕೆ ಮರಳುವಾಗ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಈ ಪ್ರಶ್ನೆಯೇ.

ಮೇಳದಲ್ಲಿ ಮರ್ಫಿ, ಫಿಲಿಪ್ಸ್, ಬುಷ್ ಪೆಟ್ಟಿಗೆಗಳು ಸಾಲಾಗಿ ಹೊಳೆಯುತ್ತಿದ್ದವು. ಒಂದು ದೊಡ್ಡ ಮರದ ರೇಡಿಯೊದ ಮುಂದೆ ನಿಂತು, “ಇದು ಯಾವ ಊರಿನದು?” ಎಂದು ಕೇಳಿದೆ. “ಗುಜರಿಯಿಂದ ಬಂದದ್ದು ಸರ್” ಎಂಬ ಉತ್ತರ ಬಂತು. “ಇದರಲ್ಲಿ ಧಾರವಾಡ ಹಿಡಿಯುತ್ತದೆಯೆ?” ಎಂದೆ. ಮಾಲೀಕರು ನಕ್ಕು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು. ವಾಲ್ವುಗಳಿದ್ದ ಜಾಗದಲ್ಲಿ ಬ್ಲೂಟೂತ್ ಫಲಕ ಕುಳಿತಿತ್ತು. ಮೊಬೈಲಿನಿಂದ ಹಳೆಯ ಹಿಂದಿ ಚಿತ್ರಗೀತೆಯೊಂದು ಹಾಯ್ದು ಬರುತ್ತಿತ್ತು. ನೆರೆದವರು ಬಾಲ್ಯವನ್ನು ನೆನೆದು ಕಣ್ಣೊರಸಿಕೊಂಡರು.

ನನ್ನ ಆಕ್ಷೇಪ ಕಣ್ಣೀರಿನ ಮೇಲಲ್ಲ, ಅದನ್ನೇ ಇತಿಹಾಸವೆಂದು ಕರೆಯುವುದರ ಮೇಲೆ. ಈ ಸ್ಮರಣೆ ಬಹಳ ಆಯ್ದುಕೊಂಡ ಸ್ಮರಣೆ. 1952ರಲ್ಲಿ ರೇಡಿಯೊ ಸಿಲೋನಿನಲ್ಲಿ ಆರಂಭವಾದ ಬಿನಾಕಾ ಗೀತಮಾಲಾ ಎಲ್ಲರಿಗೂ ನೆನಪಿದೆ. ಅದೇ ಪೆಟ್ಟಿಗೆಯಿಂದ ಹೊರಟ ಕನ್ನಡದ ಭಾಷಣ, ನಾಟಕ, ರೂಪಕ, ಕಾವ್ಯವಾಚನಗಳ ಮಾತನ್ನು ಆ ಮೇಳದಲ್ಲಿ ಯಾರೂ ಎತ್ತಲಿಲ್ಲ.

ಆ ಮಾತು ಸಣ್ಣದಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಸಂದಿತು. ಧಾರವಾಡದ ನಿಲಯ ಬಾಯ್ದೆರೆದದ್ದು 1950ರ ಜನವರಿ 8ರಂದು. ಆಗ ಧಾರವಾಡ, ಬೆಳಗಾವಿ ಎರಡೂ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರ ಏಕೀಕರಣಕ್ಕೆ ಆರು ವರ್ಷಗಳಿಗೂ ಮುಂಚೆಯೇ ಕನ್ನಡಕ್ಕೊಂದು ನಾಡನ್ನು ಗಾಳಿಯಲ್ಲಿ ಕಟ್ಟಿದ್ದು ಈ ನಿಲಯ. ಕಣಗಲಾದಂಥ ಗಡಿಯೂರಿನಲ್ಲಿ ಇದರ ಅರ್ಥ ಇನ್ನೂ ಸ್ಪಷ್ಟ. ಮುಳ್ಳನ್ನು 765 ಕಿಲೊಹರ್ಟ್ಸ್‌ಗೆ ತಂದರೆ ಧಾರವಾಡದ ಕನ್ನಡ, 1251ಕ್ಕೆ ಒಯ್ದರೆ ಸಾಂಗಲಿಯ ಮರಾಠಿ. ಗಡಿಯ ಜಗಳ ಬೀದಿಯಲ್ಲಿದ್ದಾಗಲೂ ಮನೆಯೊಳಗೆ ಒಂದು ತಿರುಪು ಎರಡೂ ಭಾಷೆಗಳ ನಡುವೆ ದಿನಕ್ಕೆ ಹಲವು ಸಲ ಓಡಾಡುತ್ತಿತ್ತು. ಈ ದ್ವಿಭಾಷಿಕ ಕೇಳ್ಮೆಯ ಚರಿತ್ರೆಯನ್ನು ಗಡಿಯ ಸಂಶೋಧಕರು ಬರೆಯಬೇಕಿದೆ.

ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ನೇರ ಪಾಲಿದೆ. ಬೇಂದ್ರೆಯವರು ಧಾರವಾಡ ನಿಲಯದ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತದ ಸಲಹೆಗಾರರಾಗಿದ್ದರು. ಎನ್ಕೆ ಕುಲಕರ್ಣಿಯವರು ಅಲ್ಲಿ ದುಡಿದರು. ಬೇಂದ್ರೆಯವರ ಕವಿತೆಯಲ್ಲಿ ಯತಿ ಎಲ್ಲಿ, ಕಾಕು ಎಲ್ಲಿ ಎಂಬುದನ್ನು ಅಚ್ಚಿನ ಪುಟ ಹೇಳದು; ಧ್ವನಿ ಹೇಳುತ್ತದೆ. ಪಾಠಾಂತರಕ್ಕಾಗಿ ನಾಲ್ಕು ಪ್ರತಿಗಳನ್ನು ಹೋಲಿಸಿ ನೋಡುವ ನಾವು, ಕವಿಯ ಸ್ವಂತ ವಾಚನವನ್ನು ಒಂದು ಪಾಠವೆಂದು ಪರಿಗಣಿಸಿದ್ದೇವೆಯೆ? ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದು ಬಿಬಿಸಿಯಂಥ ಸಂಸ್ಥೆಯಲ್ಲೂ ರೂಢಿಯಲ್ಲಿತ್ತು. ಆದ್ದರಿಂದ ಅಳಿದುಳಿದ ಒಂದೊಂದು ಧ್ವನಿಮುದ್ರಣಕ್ಕೂ ತ್ರುಟಿತ ಶಾಸನದ ಬೆಲೆಯಿದೆ.

ಮೇಳದಲ್ಲಿ ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಬೇರೊಂದು. ಹಿಂದೆ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸು ಬೇಕಿತ್ತು; ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಳ್ಳಬೇಕಿತ್ತು. ಯಾವ ಊರಿನಲ್ಲಿ, ಯಾವ ಮನೆಯಲ್ಲಿ, ಯಾವ ವರ್ಷ ರೇಡಿಯೊ ಇತ್ತೆಂಬುದಕ್ಕೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ. ಅಂಥ ಪುಸ್ತಕಗಳ ಒಂದು ರಾಶಿ ಅಲ್ಲಿ ಕೊಸರಿನಂತೆ ಬಿದ್ದಿತ್ತು: ರೇಡಿಯೊ ಕೊಂಡವರಿಗೆ ಪುಸ್ತಕ ಪುಕ್ಕಟೆ. ಯಾವ ಪೆಟ್ಟಿಗೆಗೆ ಯಾವ ಪುಸ್ತಕ ಸೇರಿದ್ದೆಂಬ ಗುರುತೂ ಇರಲಿಲ್ಲ. ಶಿಲೆಯನ್ನು ಕೊಂಡವನಿಗೆ ಶಾಸನಪಾಠ ಉಚಿತ ಎಂದಂತಾಯಿತು.

ಸಂಗ್ರಾಹಕರ ಪಕ್ಷದಲ್ಲಿಯೂ ನ್ಯಾಯವಿದೆ. ಅವರಿಲ್ಲದಿದ್ದರೆ ಈ ಪೆಟ್ಟಿಗೆಗಳು ಒಲೆಗೆ, ಒಳಗಿನ ತಾಮ್ರ ತೂಕಕ್ಕೆ ಹೋಗುತ್ತಿದ್ದವು. ಸಿಗದ ವಾಲ್ವನ್ನು ಹುಡುಕಿ ಹಾಕಿ, ಒಣಗಿದ ಕೆಪಾಸಿಟರುಗಳನ್ನು ಬದಲಿಸಿ, ತುಂಡಾದ ಡಯಲ್ ದಾರವನ್ನು ಮತ್ತೆ ಪೋಣಿಸುವ ಕೆಲವರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ. ವಿಶ್ವವಿದ್ಯಾಲಯಗಳು ಮಾಡದ ಕೆಲಸವನ್ನು ಅವರು ಸ್ವಂತ ದುಡ್ಡಿನಲ್ಲಿ ಮಾಡಿದ್ದಾರೆ. ತಪ್ಪಿನ ಹೆಚ್ಚಿನ ಪಾಲು ನಮ್ಮದೇ, ಅಂದರೆ ಸಾಹಿತ್ಯ ಮತ್ತು ಇತಿಹಾಸದ ಅಧ್ಯಾಪಕರದು. ನಾವು ಅಚ್ಚಾದದ್ದನ್ನು ಮಾತ್ರ ಸಾಹಿತ್ಯವೆಂದು ನಂಬಿದೆವು.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇವೆ. ಅವಳು ಚೆಲುವಾದ ಒಂದು ಕಟ್ಟನ್ನು ಪೂಜೆಗಿಟ್ಟು ಸುಮ್ಮನಾಗಲಿಲ್ಲ. ಪಾಠ ಓದುಗರ ಕೈ ಸೇರುವಂತೆ ಮಾಡಿದಳು. ಉಳಿಸುವುದೆಂದರೆ ಹಂಚುವುದು ಎಂಬ ಈ ವಿವೇಕವನ್ನು ಧ್ವನಿಗೂ ಅನ್ವಯಿಸಬೇಕು.

ಆದ್ದರಿಂದ ಮೂರು ಬೇಡಿಕೆಗಳು. ಒಂದು, ಮೇಳಗಳಲ್ಲಿ ಪ್ರತಿಯೊಂದು ರೇಡಿಯೊದ ಪಕ್ಕದಲ್ಲಿ ಅದರ ಊರು, ಬಂದ ದಾರಿ, ಸಿಕ್ಕಿದ್ದರೆ ಲೈಸೆನ್ಸಿನ ವಿವರ ಇರಲಿ. ಇಲ್ಲದಿದ್ದರೆ ‘ಮೂಲ ತಿಳಿಯದು’ ಎಂದಾದರೂ ಬರೆಯಲಿ. ಎರಡು, ಕನ್ನಡ ನಿಲಯಗಳ ಹಳೆಯ ಧ್ವನಿಮುದ್ರಣಗಳಿಗೆ, ಹಸ್ತಪ್ರತಿ ಸೂಚಿಗಳಿಗಿರುವಂತೆ, ಯಾರೂ ತೆರೆದು ನೋಡಬಹುದಾದ ಸೂಚಿಯೊಂದು ಬೇಕು. ಮೂರು, ಕನ್ನಡ ವಿಭಾಗಗಳು ಬಾನುಲಿ ನಾಟಕ, ಭಾಷಣಗಳ ಲಿಖಿತ ಪ್ರತಿಗಳನ್ನು ಲೇಖಕರ ಮನೆಗಳಲ್ಲಿ ಹುಡುಕಿಸಲಿ. ಅವು ಮಕ್ಕಳು, ಮೊಮ್ಮಕ್ಕಳ ಟ್ರಂಕುಗಳಲ್ಲಿ ಗೆದ್ದಲಿಗೆ ಕಾಯುತ್ತಿವೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಸರ್ಕಾರಕ್ಕಾಗಿ ಕಾಯಬೇಕಿಲ್ಲ. ಈ ರಜೆಯಲ್ಲಿ ನಿಮ್ಮ ಊರಿನ ಎಪ್ಪತ್ತು ದಾಟಿದ ಒಬ್ಬರ ಬಳಿ ಕುಳಿತುಕೊಳ್ಳಿ. ರೇಡಿಯೊ ಯಾರ ಮನೆಯಲ್ಲಿತ್ತು, ಒಳಗೆ ಕುಳಿತು ಕೇಳಿದವರು ಯಾರು, ಅಂಗಳದಲ್ಲಿ ನಿಂತು ಕೇಳಿದವರು ಯಾರು ಎಂದು ವಿಚಾರಿಸಿ, ಬರೆದಿಟ್ಟುಕೊಳ್ಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಯಾವ ಮೇಳದಲ್ಲೂ ಮಾರಾಟಕ್ಕಿಲ್ಲ.